ತಡಮೆ ಇಲ್ಲದ ಬೇಲಿ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಗ್ರಂಥಾಲಯವೊಂದರ ತಿಂಗಳ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೊನೆಗೆ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಸಭೆಯ ಹಿರಿಯರಿಗೂ, ಹಿಂದಿನ ಬೆಂಚಿನಲ್ಲಿ ಕುಳಿತು ಇಂದಿಗೂ ನನ್ನ ಕಣ್ಣು ತಪ್ಪಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೂ ನಮಸ್ಕಾರ.

ಅಮೆರಿಕದಲ್ಲಿ ಏಳು ವರ್ಷ ಇದ್ದು ಬಂದವರು ಮಾತನಾಡುತ್ತಾರೆ ಎಂದಾಗ ನಯಾಗರ ಜಲಪಾತದ ವರ್ಣನೆಯನ್ನು ನಿರೀಕ್ಷಿಸಿ ಬಂದವರಿದ್ದರೆ ಅವರ ಕ್ಷಮೆ ಕೇಳುತ್ತೇನೆ. ನಾನು ನಯಾಗರವನ್ನು ನೋಡಿದ್ದೇನೆ, ನೀರು ಬಹಳ ಇದೆ. ಇಂದು ನಾನು ಹೇಳಹೊರಟಿರುವುದು ಒಂದು ಡಬ್ಬಿ ಮೊಸರು ತರುವ ಸಂಗತಿ. ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದ ನಾನು, 2016ರ ಜೂನ್‌ನಲ್ಲಿ, ಇಲ್ಲಿ ಮಳೆ ಹಿಡಿದ ವಾರದಲ್ಲಿ, ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರದ ಉತ್ತರಕ್ಕಿರುವ ಫ್ರಿಸ್ಕೊ ಎಂಬ ಉಪನಗರಕ್ಕೆ ಮಗ ಸೊಸೆಯ ಮನೆಗೆ ಹೋದೆ. ಮೊಮ್ಮಗಳಿಗೆ ಆಗ ಎಂಟು ತಿಂಗಳು. 1990ರಲ್ಲಿ ಸುಮಾರು 6 ಸಾವಿರ ಜನರಿದ್ದ ಆ ಊರಿನಲ್ಲಿ 2020ರ ಜನಗಣತಿಯ ಹೊತ್ತಿಗೆ 2 ಲಕ್ಷ ಜನರಿದ್ದರು. ಊರು ಹಾಗೆ ಬೆಳೆದದ್ದು ಪೂರ್ತಿಯಾಗಿ ಕಾರಿನ ಕಾಲದಲ್ಲಿ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಮಗನ ಮನೆಯ ಹಿತ್ತಿಲಿಗೆ ಎಂಟು ಅಡಿ ಎತ್ತರದ ಮರದ ಬೇಲಿ ಇತ್ತು. ಹಲಗೆಗಳ ನಡುವೆ ಕಡ್ಡಿ ತೂರಿಸುವಷ್ಟೂ ಸಂದಿಲ್ಲ. ಮಹಡಿಯ ಕಿಟಕಿಯಿಂದ ನೋಡಿದರೆ ಬೇಲಿಯ ಆಚೆಗೆ ಒಂದು ಹುಲ್ಲಿನ ಪಟ್ಟಿ, ಅದರಾಚೆಗೆ ಅಂಗಡಿಯೊಂದರ ಹಿಂಗೋಡೆ ಕಾಣುತ್ತಿತ್ತು. ಹಾಲು, ಮೊಸರು, ತರಕಾರಿ ಎಲ್ಲವೂ ಸಿಗುವ ದೊಡ್ಡ ಅಂಗಡಿ. ಬೇಲಿಯಿಂದ ಆ ಗೋಡೆಗೆ ಹೆಚ್ಚೆಂದರೆ 70 ಮೀಟರ್ ಎಂದು ಅಂದಾಜು ಮಾಡಿದೆ. ಬಂದ ಎರಡನೆಯ ವಾರ, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದಾಗ, ಹೆಪ್ಪು ಹಾಕಲು ಮೊಸರಿಲ್ಲವೆಂದು ಗೊತ್ತಾಗಿ, ಮಗುವನ್ನು ಗಾಡಿಯಲ್ಲಿ ಕುಳ್ಳಿರಿಸಿ ಹೊರಟೆ. ಮನೆಯ ಮುಂದಿನ ಬೀದಿ ಒಂದು ಕಡೆ ಮುಚ್ಚಿತ್ತು. ತೆರೆದ ಕಡೆಯಿಂದ ಹೋದರೆ ಅದು ಬಳಸಿ ಬಳಸಿ ಇನ್ನೊಂದು ಬೀದಿಗೆ, ಆ ಬೀದಿ ಬಡಾವಣೆಯ ಹೆಬ್ಬಾಗಿಲಿಗೆ, ಅಲ್ಲಿಂದ ಆರು ಪಥದ ರಸ್ತೆಯ ಅಂಚಿನಲ್ಲಿ ಸಿಗ್ನಲ್‌ವರೆಗೆ, ಸಿಗ್ನಲ್ ದಾಟಿ ಮತ್ತೊಂದು ಆರು ಪಥದ ರಸ್ತೆ, ಅದರ ಬದಿಯಲ್ಲಿ ನಮ್ಮ ಶಾಲೆಯ ಆಟದ ಬಯಲಿನ ಎರಡರಷ್ಟು ಅಗಲದ ಕಾರು ನಿಲ್ದಾಣ, ಅದರ ಆ ತುದಿಯಲ್ಲಿ ಅಂಗಡಿಯ ಬಾಗಿಲು. ಆಮೇಲೆ ಮಗನ ಕಾರಿನಲ್ಲಿ ಅಳೆದು ನೋಡಿದೆ: 2.1 ಕಿಲೋಮೀಟರ್. ಎಪ್ಪತ್ತು ಮೀಟರಿನ ಮೂವತ್ತು ಪಟ್ಟು. ಆ ದಿನ ಬಿಸಿಲು 38 ಡಿಗ್ರಿ ದಾಟಿತ್ತು. ದಾರಿಯಲ್ಲಿ ನೆರಳು ಕೊಡುವ ಒಂದೇ ವಸ್ತು ವಿದ್ಯುತ್ ಕಂಬ.

ನಾನು ಮೊಸರು ತಂದೆ. ಸಂಜೆ ಮಗ ಬಯ್ಯಲಿಲ್ಲ, "ಅಮ್ಮಾ, ಇನ್ನು ಏನು ಬೇಕಿದ್ದರೂ ಶನಿವಾರ ಒಟ್ಟಿಗೆ ಹೋಗುವ" ಎಂದ. ಬೈದಿದ್ದರೆ ಒಳ್ಳೆಯದಿತ್ತು.

ಈಗ ಒಂದು ಪ್ರಶ್ನೆ. ನಮ್ಮೂರಿನಲ್ಲಿ ಮನೆಗಳು ಹತ್ತಿರ ಹತ್ತಿರ ಇದ್ದವೇ? ಧಾರವಾಡ, ಮೈಸೂರು ಕಡೆಯಿಂದ ಇಲ್ಲಿಗೆ ಬಂದ ಶಿಕ್ಷಕರು ಮೊದಲು ಕೇಳುತ್ತಿದ್ದದ್ದೇ "ಇಲ್ಲಿ ಊರೆಲ್ಲಿದೆ?" ಎಂದು. ಅವರ ಕಣ್ಣಿನಲ್ಲಿ ಊರೆಂದರೆ ಗೋಡೆಗೆ ಗೋಡೆ ತಾಗಿದ ಮನೆಗಳ ಗುಂಪು, ಅಗಸೆ ಬಾಗಿಲು, ಸುತ್ತ ಹೊಲ. ನಮ್ಮಲ್ಲಿ ಹಾಗಿಲ್ಲ. ಒಂದು ತೋಟಕ್ಕೆ ಒಂದು ಮನೆ, ನಡುವೆ ಗುಡ್ಡೆ, ಆಚೆ ಕಣಿವೆಯಲ್ಲಿ ಇನ್ನೊಂದು ತೋಟ, ಇನ್ನೊಂದು ಮನೆ. ಒಬ್ಬರ ಅಡುಗೆಮನೆಯ ಹೊಗೆ ಇನ್ನೊಬ್ಬರಿಗೆ ಕಾಣದಷ್ಟು ದೂರ. ಮನೆಗಳ ದೂರವನ್ನಷ್ಟೇ ಲೆಕ್ಕ ಹಾಕಿದರೆ ಫ್ರಿಸ್ಕೊ ನಮ್ಮ ಪೆರ್ಲ, ನೀರ್ಚಾಲುಗಳಿಗಿಂತ ಎಷ್ಟೋ ಒತ್ತಾದ ಊರು. ಹಾಗಿದ್ದೂ ನಾನು ಐವತ್ತೇಳು ವರ್ಷ ಯಾರ ಕಾರಿಗೂ ಕಾಯದೆ ಬದುಕಿದೆ, ಅಲ್ಲಿ ಎರಡು ವಾರದೊಳಗೆ ಶನಿವಾರಕ್ಕೆ ಕಾಯುವವಳಾದೆ. ಉಪನಗರದ ಬದುಕಿನ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ದೂರವನ್ನು ದೂರುತ್ತಾರೆ. ನನಗೆ ಅದು ಅರ್ಧ ಲೆಕ್ಕವೆನಿಸುತ್ತದೆ. ನಮ್ಮಲ್ಲಿ ದೂರವಿತ್ತು, ಆದರೆ ತಡಮೆಯೂ ಇತ್ತು.

ಇಲ್ಲಿರುವ ಎಳೆಯರಲ್ಲಿ ಕೆಲವರು ತಡಮೆಯನ್ನು ನೋಡಿರಲಾರರು. ಬೇಲಿಯೋ ದರೆಯೋ ಇರುವ ಕಡೆ ಎರಡು ಕಂಬ ನೆಟ್ಟು, ಅಡ್ಡಕ್ಕೆ ಬಿದಿರೋ ಮರದ ತುಂಡೋ ಸಿಗಿಸಿ, ಮನುಷ್ಯ ಕಾಲೆತ್ತಿ ದಾಟಬಹುದಾದ, ಆದರೆ ದನ ದಾಟಲಾಗದ ಒಂದು ಸಂದನ್ನು ಬಿಡುತ್ತಿದ್ದರು, ಅದು ತಡಮೆ. ನಾನು ಶಾಲೆಗೆ ಹೋಗುವ ಬಸ್ಸು ಹಿಡಿಯಲು ಮೂರು ಮನೆಯವರ ತೋಟದ ಮೂಲಕ, ಎರಡು ತಡಮೆ, ಒಂದು ಅಡಕೆ ಮರದ ಸಂಕ, ಗದ್ದೆಯ ಕಟ್ಟಪುಣಿ ಎಂಬ ಬದು, ಇಷ್ಟನ್ನು ದಾಟಿ ಹೋಗುತ್ತಿದ್ದೆ. ಆ ಮೂರು ಮನೆಯವರಿಗೂ ನಮಗೂ ಗಡಿಯ ವಿಚಾರದಲ್ಲಿ ಆಗಾಗ ಮಾತು ಬರುತ್ತಿತ್ತು, ಒಮ್ಮೆ ಅಮೀನರು ಬಂದು ಅಳತೆ ಮಾಡುವವರೆಗೂ ಹೋಗಿತ್ತು. ಆದರೂ ದಾರಿಯನ್ನು ಯಾರೂ ಮುಚ್ಚಲಿಲ್ಲ. ಜಾಗ ಒಬ್ಬರದು, ದಾರಿ ಊರಿನದು. ಆ ದಾರಿಗಳೆಲ್ಲ ಇಳಿದು ಬಂದು ಸೇರುತ್ತಿದ್ದದ್ದು ಬಸ್ಸಿನ ರಸ್ತೆಯ ಒಂದೇ ತಿರುವಿಗೆ. ಶಾಲೆ, ಅಂಚೆ ಕಚೇರಿ, ಹಾಲಿನ ಸೊಸೈಟಿ, ರೇಷನ್ ಅಂಗಡಿ, ಚಹಾದ ಗೂಡಂಗಡಿ ಎಲ್ಲವೂ ಕೂಗಳತೆಯಲ್ಲಿ ಅಲ್ಲೇ. ಸಂಜೆ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ನಾಲ್ಕು ಕೆಲಸ ಮುಗಿದಿರುತ್ತಿತ್ತು, ನಾಲ್ಕು ಸುದ್ದಿ ತಿಳಿದಿರುತ್ತಿತ್ತು.

ಇದನ್ನು ಹೇಳುವಾಗ ಹಳೆಯದೆಲ್ಲ ಚಿನ್ನವೆಂದು ಹಾಡಿ ಹೊಗಳುವ ಉದ್ದೇಶ ನನಗಿಲ್ಲ. ಎಲ್ಲ ತಡಮೆಯನ್ನೂ ಎಲ್ಲರೂ ದಾಟುವಂತಿರಲಿಲ್ಲ ಎಂಬುದು ಈ ಸಭೆಯಲ್ಲಿ ಕೆಲವರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಕೆಲವು ಮನೆಗಳ ಅಂಗಳದ ಬದಿಯಲ್ಲಿ ಹಾದುಹೋಗುವ ದಾರಿಯನ್ನು ಬಿಟ್ಟು ಗುಡ್ಡೆ ಸುತ್ತಿ ಹೋಗಬೇಕಾಗಿದ್ದ ಮನುಷ್ಯರು ನಮ್ಮ ನಡುವೆಯೇ ಇದ್ದರು. ಹೆರಿಗೆ ನೋವು ಬಂದ ಹೆಂಗಸನ್ನು ಕುರ್ಚಿಗೆ ಕಟ್ಟಿ ನಾಲ್ಕು ಜನ ಹೊತ್ತು ಮಾರ್ಗಕ್ಕೆ ತಂದದ್ದನ್ನು ನಾನೇ ನೋಡಿದ್ದೇನೆ. ಮನೆಯಂಗಳಕ್ಕೆ ಜೀಪು ಬರಬೇಕೆಂದು ನಾವೆಲ್ಲ ಪಂಚಾಯತಿಗೆ ಅರ್ಜಿ ಕೊಟ್ಟವರೇ. ಆ ಅರ್ಜಿಯಲ್ಲಿ ತಪ್ಪೇನೂ ಇರಲಿಲ್ಲ.

ಹಾಗಾದರೆ ಅಲ್ಲಿ ಬೇಲಿಗೆ ಏಕೆ ಒಂದು ಸಂದಿಲ್ಲ? ಮಗನನ್ನು ಕೇಳಿದೆ. ಮನೆಮಾಲೀಕರ ಸಂಘದ ನಿಯಮ ಎಂದ. ಆ ಸಂಘ ಹುಲ್ಲು ಎಷ್ಟು ಎತ್ತರ ಬೆಳೆಯಬಹುದು, ಬೇಲಿಗೆ ಯಾವ ಬಣ್ಣ ಬಳಿಯಬಹುದು ಎಂದು ಪತ್ರ ಬರೆಯುತ್ತದೆ. ಆದರೆ ಸಂಘ ಕಾರಣವಲ್ಲ, ಸಂಘವೂ ಒಂದು ಫಲ. ಸಮಯ ಬೇಕಾದಷ್ಟಿದ್ದುದರಿಂದ ಅಲ್ಲಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಓದಿದೆ. ಅಲ್ಲಿಗೂ ಶನಿವಾರವೇ ಹೋಗಬೇಕಿತ್ತು ಎನ್ನುವುದು ಬೇರೆ ಮಾತು.

1926ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಸಣ್ಣ ಊರಿನ ಮೊಕದ್ದಮೆ ಬಂತು. ಗಣಿತದ ಶಿಕ್ಷಕಿಯಾದ ನಾನು ಆ ಹೆಸರಿಗೇ ಮರುಳಾಗಿ ಓದಿದ್ದು. ಊರನ್ನು ವಲಯಗಳಾಗಿ ವಿಂಗಡಿಸಿ, ಇಲ್ಲಿ ಮನೆ ಮಾತ್ರ, ಅಲ್ಲಿ ಅಂಗಡಿಯೂ ಆಗಬಹುದು, ಇನ್ನೊಂದು ಕಡೆ ಕಾರ್ಖಾನೆಯೂ ಆಗಬಹುದು ಎಂದು ಸ್ಥಳೀಯ ಆಡಳಿತ ಕಟ್ಟಳೆ ಮಾಡಬಹುದೇ ಎಂಬುದು ಪ್ರಶ್ನೆ. ಮಾಡಬಹುದು ಎಂದು ತೀರ್ಪಾಯಿತು. ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್, ಸರಿಯಾದ ವಸ್ತುವೂ ತಪ್ಪಾದ ಜಾಗದಲ್ಲಿದ್ದರೆ ಉಪದ್ರವವಾಗುತ್ತದೆ ಎಂದು ಹೇಳಲು, ಹಟ್ಟಿಯಲ್ಲಿರಬೇಕಾದ ಹಂದಿ ಚಾವಡಿಗೆ ಬಂದ ಹೋಲಿಕೆಯನ್ನು ಕೊಟ್ಟರು. ಒಂಟಿ ಮನೆಗಳ ನಡುವೆ ಬರುವ ಬಹುಮಹಡಿ ವಸತಿ ಕಟ್ಟಡವನ್ನು ಅದೇ ತೀರ್ಪು ಬಂದಣಿಕೆಯಂತೆ ಕಂಡಿತು. ಕಾರ್ಖಾನೆಯ ಹೊಗೆಯಿಂದ ಮನೆಗಳನ್ನು ಉಳಿಸಬೇಕೆನ್ನುವುದು ನ್ಯಾಯವೇ. ಆದರೆ ಮೊಸರಿನ ಅಂಗಡಿಯೂ ಚಹಾದ ಗೂಡಂಗಡಿಯೂ ಅದೇ ಹಂದಿಯ ಲೆಕ್ಕಕ್ಕೆ ಸೇರಿಬಿಟ್ಟವು.

ಅದರ ಮೇಲೆ ಸಾಲದ ವ್ಯವಸ್ಥೆ ಬಂತು. 1934ರಲ್ಲಿ ಸ್ಥಾಪನೆಯಾದ ಒಕ್ಕೂಟ ಸರ್ಕಾರದ ಗೃಹನಿರ್ಮಾಣ ಆಡಳಿತವು ಮನೆ ಸಾಲಗಳಿಗೆ ಸರ್ಕಾರದ ಭದ್ರತೆ ಕೊಡತೊಡಗಿತು. ಯಾವ ಬಗೆಯ ಬಡಾವಣೆಗೆ ಭದ್ರತೆ ಸುಲಭವಾಗಿ ಸಿಗುತ್ತದೆ ಎಂಬ ಸೂಚನೆಗಳನ್ನೂ ಹೊರಡಿಸಿತು. ಚೌಕಳಿಯಾಗಿ ಒಂದನ್ನೊಂದು ಕಡಿಯುವ ಬೀದಿಗಳಿಗಿಂತ ಬಳಸುವ ಬೀದಿಗಳೂ ಕೊನೆ ಮುಚ್ಚಿದ ಬೀದಿಗಳೂ ಮೇಲು ಎಂಬುದು ಆ ಸೂಚನೆಗಳ ಒಲವು. ಅಂದರೆ ನನ್ನ ಮಗನ ಮನೆಯ ಮುಂದಿನ ಬೀದಿ ಮುಚ್ಚಿದ್ದು ಆಕಸ್ಮಿಕವಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಿಂದ 1951ರ ನಡುವೆ, ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ಲೆವಿಟ್‌ಟೌನ್ ಎಂಬ ಹೆಸರಿನಲ್ಲಿ 17 ಸಾವಿರಕ್ಕೂ ಹೆಚ್ಚು ಮನೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಎದ್ದವು. ಆ ಮನೆಗಳ ಕರಾರುಪತ್ರದಲ್ಲಿ, ಬಿಳಿಯರಲ್ಲದವರು ಇಲ್ಲಿ ವಾಸಿಸಕೂಡದು ಎಂಬ ಷರತ್ತಿತ್ತು. ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡಲಾಗದು ಎಂದು 1948ರಲ್ಲಿ ತೀರ್ಪು ಬಂದರೂ ಆಚರಣೆ ಅಷ್ಟು ಬೇಗ ಹೋಗಲಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ಗುಡ್ಡೆ ಸುತ್ತಿ ಹೋಗುವವರ ನೆನಪಾಯಿತು. ದಾರಿಯ ಚರಿತ್ರೆಯನ್ನು ಎಲ್ಲಿ ಅಗೆದರೂ ಯಾರಿಗೆ ದಾರಿಯಿರಲಿಲ್ಲ ಎಂಬುದು ಮೊದಲು ಸಿಗುತ್ತದೆಯೋ ಏನೋ.

1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೆದ್ದಾರಿ ಕಾಯಿದೆಗೆ ಸಹಿ ಹಾಕಿದರು. 41 ಸಾವಿರ ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 66 ಸಾವಿರ ಕಿಲೋಮೀಟರ್ ಹೆದ್ದಾರಿ. ಖರ್ಚಿನ ನೂರರಲ್ಲಿ ತೊಂಬತ್ತು ಪಾಲು ಒಕ್ಕೂಟ ಸರ್ಕಾರದ್ದು. ಇಷ್ಟೆಲ್ಲ ಆದ ಮೇಲೆ ಬಸ್ಸು ಓಡಿಸುವವರು ಯಾರು? ಡಲ್ಲಾಸ್ ಸುತ್ತಿನ ಊರುಗಳು 1983ರಲ್ಲಿ ಸೇರಿ ಬಸ್ಸು ರೈಲುಗಳ ಸಾರಿಗೆ ಸಂಸ್ಥೆಯೊಂದನ್ನು ಕಟ್ಟಿಕೊಂಡವು. ಸದಸ್ಯ ಊರುಗಳಲ್ಲಿ ನಡೆಯುವ ಮಾರಾಟದ ಮೇಲೆ ಶೇಕಡಾ 1ರ ತೆರಿಗೆ ಅದಕ್ಕೆ ಹೋಗಬೇಕೆಂದು ಗೊತ್ತುಮಾಡಿದರು. ಟೆಕ್ಸಸ್‌ನಲ್ಲಿ ಸ್ಥಳೀಯ ಮಾರಾಟ ತೆರಿಗೆ ಒಟ್ಟು ಶೇಕಡಾ 2ನ್ನು ಮೀರಬಾರದೆಂಬ ಮಿತಿ ಇದೆ. ಫ್ರಿಸ್ಕೊ ತನ್ನ ಪಾಲನ್ನು ಊರಿನ ಆರ್ಥಿಕ ಬೆಳವಣಿಗೆಯ ಸಂಸ್ಥೆಗಳಿಗೆ ಮೀಸಲಿಟ್ಟಿತು, ಸಾರಿಗೆ ಸಂಸ್ಥೆಗೆ ಸೇರಲಿಲ್ಲ. ಅಲ್ಲಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಆರ್ಲಿಂಗ್ಟನ್ ಎಂಬ ಇನ್ನೂ ದೊಡ್ಡ ಊರಿನ ಮತದಾರರು 1980, 1985, 2002, ಹೀಗೆ ಮೂರು ಬಾರಿ ಸಾರ್ವಜನಿಕ ಸಾರಿಗೆಯ ತೆರಿಗೆಯನ್ನು ತಿರಸ್ಕರಿಸಿದರು. ನಮ್ಮಲ್ಲಿ ಬಸ್ಸು ಬೇಕೆಂದು ರಸ್ತೆ ತಡೆ ಮಾಡುತ್ತಾರೆ, ಅಲ್ಲಿ ಬೇಡವೆಂದು ಮತ ಹಾಕುತ್ತಾರೆ ಎಂದು ನಗುವ ಮೊದಲು ಒಂದು ಮಾತು: ಆ ಮತದಾರರ ಮನೆಯಲ್ಲಿ ಆಗಲೇ ಎರಡೆರಡು ಕಾರುಗಳಿದ್ದವು. ಕಾರಿದ್ದವನಿಗೆ ಬಸ್ಸು ಇನ್ನೊಬ್ಬರ ಅಗತ್ಯವಾಗಿಬಿಡುತ್ತದೆ.

ನನ್ನ ಅನುಭವಕ್ಕೆ ಮರಳುತ್ತೇನೆ. ಮೊದಲ ಒಂದೂವರೆ ವರ್ಷ ನಾನು ನಡೆಯುವ ಹಟ ಬಿಡಲಿಲ್ಲ. ಆರು ಪಥದ ರಸ್ತೆ ದಾಟಲು ಕಂಬದ ಗುಂಡಿ ಒತ್ತಿ ಕಾಯಬೇಕು. ನಡೆಯುವ ಮನುಷ್ಯನ ಬಿಳಿ ಚಿತ್ರ ಬೆಳಗಿದ ಬಳಿಕ ಸೆಕೆಂಡುಗಳು ಇಳಿಕೆಯಾಗಿ ಕಾಣುತ್ತವೆ. ಅಲ್ಲಿಯ ಸಂಚಾರ ನಿಯಮಾವಳಿಯಲ್ಲಿ ಪಾದಚಾರಿಯ ವೇಗ ಸೆಕೆಂಡಿಗೆ 3.5 ಅಡಿ ಎಂದು ಲೆಕ್ಕ. ರಸ್ತೆಯ ಅಗಲ ಸುಮಾರು 100 ಅಡಿ. ಭಾಗಿಸಿದರೆ 29 ಸೆಕೆಂಡು. ಮೊಣಕಾಲು ನೋವಿನ ದಿನ ನನ್ನ ವೇಗ ಸೆಕೆಂಡಿಗೆ ಎರಡೂವರೆ ಅಡಿ, ಅಂದರೆ 40 ಸೆಕೆಂಡು. ಉಳಿದ ಹನ್ನೊಂದು ಸೆಕೆಂಡು ನಾನು ಯಾರ ಕೃಪೆಯಲ್ಲಿದ್ದೇನೆ ಎಂಬುದು ಪ್ರತಿ ಸಲವೂ ಹೊಸ ಲೆಕ್ಕ. ಇದಕ್ಕಿಂತ ಕಠಿಣವಾದದ್ದು ಬಲ ತಿರುವು. ಅಲ್ಲಿ ಕೆಂಪು ದೀಪವಿದ್ದರೂ ಕಾರು ಒಮ್ಮೆ ನಿಂತು, ನೋಡಿಕೊಂಡು, ಬಲಕ್ಕೆ ತಿರುಗಬಹುದು. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲು ಉಳಿಸಲೆಂದು ಈ ನಿಯಮ ಅಮೆರಿಕದಲ್ಲೆಲ್ಲ ಹರಡಿತು. ನ್ಯೂಯಾರ್ಕ್ ನಗರದಂಥ ಕೆಲವು ಕಡೆ ಮಾತ್ರ ಸಾಮಾನ್ಯವಾಗಿ ಇದಕ್ಕೆ ಅನುಮತಿಯಿಲ್ಲ. ಬಲಕ್ಕೆ ತಿರುಗುವ ಚಾಲಕನ ಕಣ್ಣು ಎಡದಿಂದ ಬರುವ ಕಾರುಗಳ ಮೇಲಿರುತ್ತದೆ. ನಾನು ನಿಂತಿರುವುದು ಅವನ ಬಲಗಡೆ. ಜೀವನಪೂರ್ತಿ ಮೊದಲು ಬಲಕ್ಕೆ, ಮತ್ತೆ ಎಡಕ್ಕೆ ನೋಡಿ ರಸ್ತೆ ದಾಟಿದವಳು ನಾನು. ಅವರ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ಆ ಅಭ್ಯಾಸವನ್ನೂ ತಿರುಗಿಸಿಕೊಳ್ಳಬೇಕಾಯಿತು. ನಾನು ಅವನನ್ನು ನೋಡದ ಕ್ಷಣ, ಅವನು ನನ್ನನ್ನು ನೋಡದ ಕ್ಷಣ ಎರಡೂ ಒಂದೇ ಆಗಿದ್ದವು.

ಆದರೆ ಅಪಾಯಕ್ಕಿಂತ ಹೆಚ್ಚಾಗಿ ನನ್ನನ್ನು ಕುಗ್ಗಿಸಿದ್ದು ಕೇಳುವ ಕೆಲಸ. ಕೈಯಲ್ಲಿ ದುಡ್ಡಿದೆ, ಮೈಯಲ್ಲಿ ತಕ್ಕಮಟ್ಟಿನ ಶಕ್ತಿಯಿದೆ, ಆದರೆ ದಾರ ಮುಗಿದರೆ ಕೇಳಬೇಕು, ಮಾತ್ರೆ ಮುಗಿದರೆ ಕೇಳಬೇಕು, ಹನುಮಂತನ ದೇವಸ್ಥಾನಕ್ಕೆ ಹೋಗಬೇಕೆನಿಸಿದರೆ ಮಗನ ಮುಖ ನೋಡಿ ಹೊತ್ತು ಗೊತ್ತು ಮಾಡಿ ಕೇಳಬೇಕು. ಅವನು ಎಂದೂ ಇಲ್ಲವೆನ್ನಲಿಲ್ಲ. ಕೇಳುವವಳಿಗೆ ಮಾತ್ರ ತನ್ನ ಬೇಕುಗಳು ಒಂದೊಂದಾಗಿ ಸಣ್ಣದಾಗುತ್ತ ಹೋಗುತ್ತವೆ. ದಾರ ಮುಂದಿನ ವಾರ ಆದೀತು, ದೇವಸ್ಥಾನ ಹಬ್ಬಕ್ಕೆ ಆದೀತು ಎಂದು ಮನಸ್ಸೇ ಮೊದಲು ಕತ್ತರಿ ಹಾಕುತ್ತದೆ. ನಮ್ಮ ಬಡಾವಣೆಯಲ್ಲಿ ತೆಲುಗು, ತಮಿಳು, ಗುಜರಾತಿ ಮನೆಗಳ ಅಜ್ಜ ಅಜ್ಜಿಯರು ಅನೇಕರಿದ್ದರು. ಬೆಳಗ್ಗೆ ಆರು ಗಂಟೆಗೆ, ಬಿಸಿಲು ಏರುವ ಮೊದಲು, ಬಡಾವಣೆಯ ಕೆರೆಯನ್ನು ಸುತ್ತು ಹಾಕುವಾಗ ಮಾತ್ರ ನಾವು ಪರಸ್ಪರ ಕಾಣಿಸುತ್ತಿದ್ದೆವು. ಅದನ್ನು ನಡಿಗೆ ಎನ್ನಲು ನನಗೆ ಮನಸ್ಸು ಬರಲಿಲ್ಲ. ಹೊರಟಲ್ಲಿಗೇ ಬಂದು ನಿಲ್ಲುವುದು, ಕೈಯಲ್ಲಿ ಒಂದು ಚೀಲವೂ ಇಲ್ಲ. ಹಿರಿಯರು ಮುಂಗಡ ಹೇಳಿ ಕರೆಸಿಕೊಳ್ಳಬಹುದಾದ ವ್ಯಾನೊಂದು ಊರಿನಲ್ಲಿತ್ತು. ಆಸ್ಪತ್ರೆಗೆ ಅದು ಸರಿ, ಆದರೆ ಮೊಸರಿನ ನೆನಪು ಮುಂಗಡವಾಗಿ ಬರುವುದಿಲ್ಲ.

2018ರಲ್ಲಿ, ನನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಕಾರು ಕಲಿಯುವುದೆಂದು ನಿಶ್ಚಯಿಸಿದೆ. ಸೊಸೆಯ ಒತ್ತಾಯವೇ ಹೆಚ್ಚು. ಅವಳು ಮದುವೆಯಾಗಿ ಅಲ್ಲಿಗೆ ಹೋದ ಹೊಸತರಲ್ಲಿ ಇದೇ ಶನಿವಾರಗಳನ್ನು ಕಂಡವಳು. ಬರಹದ ಪರೀಕ್ಷೆಯಲ್ಲಿ 30 ಪ್ರಶ್ನೆ, 21 ಸರಿಯಾದರೆ ಪಾಸು. ಇಂಗ್ಲಿಷಿನಲ್ಲಿ ಅಥವಾ ಸ್ಪ್ಯಾನಿಷಿನಲ್ಲಿ ಬರೆಯಬಹುದು. ಕನ್ನಡದಲ್ಲಿ ಅರ್ಜಿ ನಮೂನೆ ಬೇಕೆಂದು ಆಯುಷ್ಯವಿಡೀ ಕಚೇರಿ ಕಚೇರಿ ಅಲೆದ ಕಾಸರಗೋಡಿನವಳಿಗೆ, ಇನ್ನೊಂದು ಭಾಷೆಯ ಪ್ರಶ್ನೆಪತ್ರಿಕೆ ಯಾವ ಜಗಳವೂ ಇಲ್ಲದೆ ಮೇಜಿನ ಮೇಲಿದ್ದುದು ಕಂಡು ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ. ಬರಹದಲ್ಲಿ ಮೂವತ್ತಕ್ಕೆ ಮೂವತ್ತು. ರಸ್ತೆಯ ಪರೀಕ್ಷೆಯಲ್ಲಿ ಎರಡು ಸಲ ಫೇಲು. ಮೊದಲ ಸಲ ಎರಡು ಕಂಬಗಳ ನಡುವೆ ಕಾರನ್ನು ಹಿಮ್ಮುಖವಾಗಿ ತೂರಿಸುವಾಗ ಕಂಬ ಬಿತ್ತು. ಎರಡನೆಯ ಸಲದ್ದು ಹೇಳುವಂಥದ್ದು. ನಾಲ್ಕೂ ಕಡೆ ನಿಲುಗಡೆ ಫಲಕವಿರುವ ಕೂಡುರಸ್ತೆಯಲ್ಲಿ ಮೊದಲು ಬಂದವರು ಮೊದಲು ಹೋಗಬೇಕು, ಒಟ್ಟಿಗೆ ಬಂದರೆ ಬಲಗಡೆಯವರು ಮೊದಲು. ನಾನು ಮೊದಲು ಬಂದಿದ್ದೆ. ಎದುರಿನವರಿಗೆ "ನೀವು ಹೋಗಿ" ಎಂದು ಕೈ ಮಾಡಿದೆ. ಅವರು ಹೋದರು. ಎಡಗಡೆಯವರಿಗೆ ಕೈ ಮಾಡಿದೆ, ಅವರೂ ಹೋದರು. ಅಷ್ಟರಲ್ಲಿ ಬಲಗಡೆಗೆ ಇನ್ನೊಬ್ಬರು ಬಂದರು. ಮದುವೆ ಮನೆಯ ಪಂಕ್ತಿಯಲ್ಲಿ "ನೀವು ಕುಳಿತುಕೊಳ್ಳಿ, ನಾವು ಮತ್ತೆ" ಎನ್ನುವ ಪಾಠವನ್ನು ಹುಟ್ಟಿನಿಂದ ಕಲಿತವಳಿಗೆ ಮೊದಲು ನುಗ್ಗುವುದೇ ಮರ್ಯಾದೆಯಾಗಿರುವ ಜಾಗವೂ ಇರುತ್ತದೆಂದು ತಿಳಿಯಲಿಲ್ಲ. ಪರೀಕ್ಷಕಿ ಗಂಭೀರವಾಗಿ, ನಿಮ್ಮ ಸೌಜನ್ಯದಿಂದ ಅಪಘಾತವಾಗುತ್ತದೆ ಎಂದರು. ಅವರು ಹೇಳಿದ್ದು ಸರಿ. ಎಲ್ಲರೂ ಗಾಜಿನೊಳಗೆ ಇರುವಾಗ ಮುಖ ಕಾಣುವುದಿಲ್ಲ, ಸರದಿ ಮಾತ್ರ ಕಾಣುತ್ತದೆ.

ಮೂರನೆಯ ಸಲ ಪಾಸಾದೆ. ಅದರ ನಂತರದ ಐದು ವರ್ಷವನ್ನು ನಾನು ದೂರಿದರೆ ಸುಳ್ಳಾಗುತ್ತದೆ. ಪೇಟೆಯಿಂದ ಕೊನೆಯ ಬಸ್ಸು ಏಳೂವರೆಗೆ ಎಂಬ ಲೆಕ್ಕದಲ್ಲಿ ಯಕ್ಷಗಾನವನ್ನೂ ಭಾಷಣವನ್ನೂ ಅರ್ಧಕ್ಕೆ ಬಿಟ್ಟು ಓಡಿಬಂದವಳು ನಾನು. ರಾತ್ರಿ ಒಂಬತ್ತು ಗಂಟೆಗೆ ಒಬ್ಬಳೇ ಹೊರಟು ಒಬ್ಬಳೇ ಮನೆಗೆ ಬಂದದ್ದು ಬದುಕಿನಲ್ಲಿ ಮೊದಲ ಬಾರಿಗೆ ಆ ಕಾರಿನಲ್ಲಿ. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ಹೆಣ್ಣಿಗೆ ಕಾರು ಕೊಡುವ ಈ ಬಿಡುಗಡೆಯನ್ನು ನಗರ ಯೋಜನೆಯ ಬಗ್ಗೆ ಬರೆಯುವ ಗಂಡಸರು ಅಷ್ಟಾಗಿ ಗಮನಿಸಿದಂತಿಲ್ಲ. ನನ್ನದೇ ಕೆಲವು ಉಪಾಯಗಳನ್ನೂ ಮಾಡಿಕೊಂಡೆ: ಹೆದ್ದಾರಿಗೆ ಏರದೆ ಒಳಗಿನ ರಸ್ತೆಯಲ್ಲೇ ಹೋಗುವುದು, ಕೆಲಸಕ್ಕೆ ಹೋಗುವವರ ಹೊತ್ತು ಕಳೆದು ಹತ್ತು ಗಂಟೆಗೆ ಹೊರಡುವುದು, ಎಡ ತಿರುವು ಕಡಿಮೆ ಬರುವಂತೆ ಅಂಚೆ ಕಚೇರಿ, ಔಷಧಿ ಅಂಗಡಿ, ಗ್ರಂಥಾಲಯ, ತರಕಾರಿಗಳನ್ನು ಒಂದೇ ಮಾಲೆಯಲ್ಲಿ ಪೋಣಿಸಿ ಬರುವುದು. ಶಾಲೆಯ ಹಳದಿ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ಹಿಂದಿನವರೂ ಎದುರಿನವರೂ ನಿಲ್ಲಬೇಕೆಂಬ ನಿಯಮವಿದೆ. ಅಲ್ಲಿಯ ರಸ್ತೆಯಲ್ಲಿ ನನಗೆ ಮನಸಾರೆ ಹಿಡಿಸಿದ ಒಂದು ಪದ್ಧತಿ ಅದು. ಮಂಗಳವಾರ ಬೆಳಗ್ಗೆ ಕೆರೆ ಸುತ್ತುವ ಅಜ್ಜಿಯರಲ್ಲಿ ಮೂವರನ್ನು ಕರೆದುಕೊಂಡು ಹೋಗತೊಡಗಿದೆ. ಅವರು ಹಿಂದಿನ ಸೀಟಿನಲ್ಲಿ ಕುಳಿತು, ದಾರದ ಬಣ್ಣದಿಂದ ಹಿಡಿದು ಸೊಸೆಯಂದಿರವರೆಗೆ, ಮೂರು ಭಾಷೆಯಲ್ಲಿ ಮಾತಾಡುತ್ತಿದ್ದರು. ನಾಲ್ಕು ಭಾಷೆಯ ಬಸ್ಸಿನಲ್ಲಿ ಬೆಳೆದ ನನಗೆ ಅದೇನೂ ಹೊಸದಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಲೈಸೆನ್ಸ್ ಸಿಕ್ಕಿ ಆರು ತಿಂಗಳಾಗಿರಲಿಲ್ಲ, ಬಲಕ್ಕೆ ತಿರುಗಲು ಎಡಕ್ಕೆ ಕತ್ತು ಹಾಕಿ ನಿಂತಿದ್ದಾಗ ಬಲಗಡೆಯಿಂದ ಮಗುವಿನ ಗಾಡಿ ತಳ್ಳಿಕೊಂಡು ಒಬ್ಬಳು ಬಂದಳು. ಸೀರೆ ಉಟ್ಟಿದ್ದಳು. ನಾನು ಬ್ರೇಕ್ ಹಾಕಿದೆ, ಹಾಕುವಾಗ ಬಾಯಿಂದ ಬಂದದ್ದು ಬೈಗುಳ.

2020ರ ಮಾರ್ಚ್ ತಿಂಗಳಲ್ಲಿ ಎಲ್ಲವೂ ನಿಂತಿತು. ಕಾರುಗಳು ಮನೆಗಳ ಮುಂದೆ ತಣ್ಣಗೆ ನಿಂತಾಗ ಆ ಬಡಾವಣೆಯ ಜನ ಸಂಜೆ ಬೀದಿಗಿಳಿದು ನಡೆದರು. ನಾಲ್ಕು ವರ್ಷದಿಂದ ಎದುರು ಮನೆಯಲ್ಲಿದ್ದವರ ಹೆಸರು ನನಗೆ ಆಗ ತಿಳಿಯಿತು. ಅದೇ ವಾರ ಅಕ್ಕ ಫೋನಿನಲ್ಲಿ ಇಲ್ಲಿಯ ಸುದ್ದಿ ಹೇಳಿದಳು. ಕರ್ನಾಟಕಕ್ಕೆ ಹೋಗುವ ದಾರಿಗಳನ್ನು ಮುಚ್ಚಿದ್ದಾರೆ, ಒಳರಸ್ತೆಗಳಿಗೆ ಮಣ್ಣು ಸುರಿದಿದ್ದಾರೆ, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನೂ ತಡೆಯುತ್ತಿದ್ದಾರೆ ಎಂದು. ಐವತ್ತು ಕಿಲೋಮೀಟರ್ ದೂರದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ಜಿಲ್ಲೆ ನಮ್ಮದು. ಆ ದಿನಗಳ ನೋವು ಈ ಸಭೆಗೆ ಗೊತ್ತು, ನಾನು ದೂರದಿಂದ ಕೇಳಿದವಳು, ಹೆಚ್ಚು ಹೇಳುವ ಅಧಿಕಾರ ನನಗಿಲ್ಲ. ಒಂದೇ ದಾರಿಯ ಮೇಲೆ ಬದುಕನ್ನಿಟ್ಟರೆ ಆ ದಾರಿಯ ಕೀಲಿ ಬೇರೆಯವರ ಕೈಯಲ್ಲಿರುತ್ತದೆ ಎಂಬುದು ಮಾತ್ರ ಎರಡೂ ಕಡೆ ಒಂದೇ ವಾರದಲ್ಲಿ ಕಂಡಿತು.

ಅಲ್ಲಿಯವರಿಗೂ ಇದು ತಿಳಿದಿಲ್ಲವೆಂದಲ್ಲ. ಪ್ರತಿ ಅಂಗಡಿಗೂ ಇಂತಿಷ್ಟು ಕಾರು ನಿಲ್ಲಿಸುವ ಜಾಗ ಇರಲೇಬೇಕೆಂಬ ಕಟ್ಟಳೆಯನ್ನು ಬಫಲೊ ನಗರ 2017ರಲ್ಲಿ ತೆಗೆದುಹಾಕಿತು. ಬಸ್ಸು ರೈಲುಗಳ ಮುಖ್ಯ ನಿಲ್ದಾಣಗಳ ಹತ್ತಿರ ಆ ಕಟ್ಟಳೆಯನ್ನು ಹೇರಬಾರದೆಂದು ಕ್ಯಾಲಿಫೋರ್ನಿಯ 2022ರಲ್ಲಿ ಕಾಯಿದೆ ಮಾಡಿತು. ವಾಹನವಿಲ್ಲದ ಹೊತ್ತಿನಲ್ಲಿ ಸಿಗ್ನಲ್ ಇಲ್ಲದ ಕಡೆ ರಸ್ತೆ ದಾಟಿದವರಿಗೆ ದಂಡ ಹಾಕುವುದನ್ನೂ 2023ರ ಜನವರಿಯಿಂದ ನಿಲ್ಲಿಸಿತು. ಅವರು ಬೇಲಿಗೆ ತಡಮೆ ಇಡತೊಡಗಿದ್ದಾರೆ.

ನಾನು 2023ರಲ್ಲಿ ಊರಿಗೆ ಮರಳಿದೆ. ಮಂಗಳೂರಿನಿಂದ ಬರುವಾಗ ರಾಷ್ಟ್ರೀಯ ಹೆದ್ದಾರಿ 66ರ ಕೆಲಸ ನಡೆಯುತ್ತಿತ್ತು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥವಾಗಿದೆ, 45 ಮೀಟರ್ ಅಗಲದ ಜಾಗ, ಎರಡು ಬದಿ ಸರ್ವಿಸ್ ರಸ್ತೆ, ಕಾಸರಗೋಡು ಪೇಟೆಯಲ್ಲಿ ಒಂಟಿ ಕಂಬಗಳ ಸಾಲಿನ ಮೇಲೆ ಮೇಲ್ಸೇತುವೆ. ಮಂಗಳೂರಿಗೆ ಬೇಗ ತಲಪುತ್ತೇವೆ, ಆಂಬುಲೆನ್ಸ್ ಬೇಗ ತಲಪುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಹೆದ್ದಾರಿಯ ಪಶ್ಚಿಮಕ್ಕೆ ಮನೆ, ಪೂರ್ವಕ್ಕೆ ಶಾಲೆ ಇರುವವರನ್ನು ಕೇಳಿ ನೋಡಿ. ನಡುವೆ ಗೋಡೆ ಎದ್ದಿದೆ. ಹೆದ್ದಾರಿಯ ಕೆಳಗೆ ಹಾದುಹೋಗುವ ಅಡಿದಾರಿ ಸಿಗುವವರೆಗೆ ಸರ್ವಿಸ್ ರಸ್ತೆಯಲ್ಲಿ ಹೋಗಿ, ದಾಟಿ, ಹಿಂದಕ್ಕೆ ಬರಬೇಕು. ಇಲ್ಲೊಂದು ಅಡಿದಾರಿ ಬೇಕು, ಅಲ್ಲೊಂದು ನಡಿಗೆಯ ಮೇಲ್ಸೇತುವೆ ಬೇಕು ಎಂದು ಪ್ರತಿಭಟನೆಯ ಪಂದಲು ಹಾಕಿ ಕುಳಿತವರು ಕೇಳುತ್ತಿದ್ದದ್ದು ಅದೇ ಎಪ್ಪತ್ತು ಮೀಟರನ್ನು.

ಒಳನಾಡಿನಲ್ಲಿ ಗೋಡೆ ಕಟ್ಟಿದ್ದು ಹೆದ್ದಾರಿಯವರಲ್ಲ, ನಾವೇ. ಮಣ್ಣಿನ ದರೆ ಹೋಗಿ ಮುರಕಲ್ಲಿನ ಆವರಣ ಗೋಡೆ ಬಂದಿದೆ, ತಡಮೆ ಇದ್ದಲ್ಲಿ ಗೇಟು, ಗೇಟಿಗೆ ಬೀಗ, ಬೀಗದ ಹಿಂದೆ ನಾಯಿ. ದೊಡ್ಡ ಮನೆಯಲ್ಲಿ ಇಬ್ಬರು ವೃದ್ಧರು, ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ. ನಮ್ಮ ಒಳರಸ್ತೆಯ ಬಸ್ಸು ನಾನು ಹೋಗುವಾಗ ದಿನಕ್ಕೆ ಒಂಬತ್ತು ಸಲ ಬರುತ್ತಿತ್ತು, ಈಗ ನಾಲ್ಕು ಸಲ. ಜನರಿಲ್ಲ, ಅದಕ್ಕೆ ಬಸ್ಸಿಲ್ಲ. ಬಸ್ಸಿಲ್ಲ, ಅದಕ್ಕೆ ಸ್ಕೂಟರು. ಸ್ಕೂಟರು ಬಂತು, ಅದಕ್ಕೆ ಜನರಿಲ್ಲ. ಗೂಡಂಗಡಿ ಮುಚ್ಚಿದೆ. ಯಾವ ನ್ಯಾಯಾಲಯದ ತೀರ್ಪೂ ಬೇಕಾಗಲಿಲ್ಲ.

ನಮ್ಮ ತೋಟಕ್ಕೂ ಗೋಡೆ ಬಂದಿತ್ತು. ನಾನು ಇಲ್ಲದಾಗ, ನಾನು ಕಳಿಸಿದ ದುಡ್ಡಿನಲ್ಲಿ, ತಮ್ಮ ಕಟ್ಟಿಸಿದ್ದು. ಅವನನ್ನು ದೂರುವ ಹಾಗಿಲ್ಲ. ಮೇಲಿನ ಮನೆಯ ಅಕ್ಕನಿಗೆ ಈಗ ಎಪ್ಪತ್ತೆಂಟು. ಅವರು ನಮ್ಮ ತೋಟದಲ್ಲಿ ಇಳಿದು ಐದು ನಿಮಿಷದಲ್ಲಿ ಮಾರ್ಗಕ್ಕೆ ಹೋಗುತ್ತಿದ್ದವರು. ಗೋಡೆ ಬಂದ ಮೇಲೆ ಪಿಂಚಣಿಗೂ ಮಾತ್ರೆಗೂ ರಿಕ್ಷಾಕ್ಕೆ ಫೋನು ಮಾಡಿ, ಸುತ್ತು ರಸ್ತೆಯಲ್ಲಿ ಬರುತ್ತಾರೆ, ಹೋಗಿ ಬರಲು ನೂರ ಇಪ್ಪತ್ತು ರೂಪಾಯಿ. ನನ್ನೊಡನೆ ಒಮ್ಮೆಯೂ ದೂರು ಹೇಳಲಿಲ್ಲ. "ನಿಮಗೆ ಕಾಡುಹಂದಿಯ ಉಪದ್ರ ಉಂಟಲ್ಲ" ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಕಳೆದ ದೀಪಾವಳಿಯ ನಂತರ ಮೇಸ್ತ್ರಿಯನ್ನು ಕರೆಸಿ ಎರಡೂವರೆ ಅಡಿ ಗೋಡೆ ಒಡೆಸಿದೆ. ಹಂದಿ ನುಗ್ಗದ ಹಾಗೆ, ಸೀರೆ ಉಟ್ಟವರು ಕಾಲೆತ್ತದೆ ದಾಟುವ ಹಾಗೆ ಹೇಗೆ ಮಾಡುವುದೆಂದು ಅವರೂ ನಾನೂ ಅರ್ಧ ದಿನ ಚರ್ಚೆ ಮಾಡಿ, ಎರಡು ಗೋಡೆಯ ತುಂಡುಗಳನ್ನು ಒಂದರ ಹಿಂದೊಂದು ಸ್ವಲ್ಪ ಜರುಗಿಸಿ, ನಡುವೆ ಬಳಸಿಕೊಂಡು ಹೋಗುವ ಸಂದು ಬಿಟ್ಟಿದ್ದೇವೆ. ಗೇಟು ಬೇಡವೇ ಎಂದು ಮೇಸ್ತ್ರಿ ಮೂರು ಸಲ ಕೇಳಿದರು. ಅಕ್ಕ ಈಗ ಅದರಲ್ಲಿ ಬಂದು ನಮ್ಮ ಜಗಲಿಯವರೆಗೆ ಇಳಿಯುತ್ತಾರೆ. ಮಾರ್ಗಕ್ಕೆ ಹೋಗಲು ಇನ್ನೂ ಆಗಿಲ್ಲ; ನಮ್ಮ ಕೆಳಗಿನ ತೋಟದವರ ಗೋಡೆ ಹಾಗೆಯೇ ಇದೆ. ಅವರ ಮಗ ಮೇ ತಿಂಗಳಲ್ಲಿ ರಜೆಗೆ ಬರುತ್ತಾನಂತೆ, ಏಳನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿ, ಭಾಗಾಕಾರದಲ್ಲಿ ಸ್ವಲ್ಪ ಹಿಂದೆ. ಅವನೊಡನೆ ಮಾತನಾಡಬೇಕು.